‘ಎಲ್ಲಾ ಒಬ್ಬರೇ ಹೇಗೆ ನಿಭಾಯಿಸ್ತೀರಾ?’

ನಾನು ಒಬ್ಬನೇ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಕೋಡ್ ಬರೆಯುವವನೂ ನಾನೇ, ಫೋನ್ ಎತ್ತುವವನೂ ನಾನೇ, ಬಿಲ್ ಕಳಿಸುವವನೂ ನಾನೇ. ಇಷ್ಟು ದಿನ ಸುಮ್ನೆ ನಕ್ಕು "ಹೇಗೋ ಆಗುತ್ತೆ" ಅನ್ನುತ್ತಿದ್ದೆ. ಈಗ ಸರಿಯಾಗಿ ಬರೆದಿಟ್ಟುಬಿಡೋಣ ಅನಿಸಿತು. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಬಹುದು.

ಕೆಲಸ ಜಾಸ್ತಿ, ನಿಜ. ಆದರೆ ಜನ ಅಂದುಕೊಂಡಷ್ಟು ಅಲ್ಲ. ಒಬ್ಬನೇ ಇದ್ದರೆ ಮೀಟಿಂಗ್ ಇಲ್ಲ, ಇನ್ನೊಬ್ಬರಿಗೆ ವಿವರಿಸುವುದಿಲ್ಲ, ಅವರ ಭಾಗ ಮುಗಿಯಲಿ ಅಂತ ಕಾಯುವುದೂ ಇಲ್ಲ. ಸಾಫ್ಟ್‌ವೇರ್ ತಂಡಗಳ ಬಗ್ಗೆ ಪುಸ್ತಕ ಬರೆದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಈ ಲೆಕ್ಕ ಹೇಳಿದ್ದರು: ತಂಡದಲ್ಲಿ ಎಲ್ಲರೂ ಎಲ್ಲರ ಜೊತೆ ಮಾತಾಡಬೇಕು ಅಂದರೆ 5 ಜನರಿಗೆ 10 ಜೋಡಿ ಆಗುತ್ತದೆ, 10 ಜನರಿಗೆ 45 ಜೋಡಿ. ನನ್ನ ಲೆಕ್ಕದಲ್ಲಿ ಸೊನ್ನೆ. ಸರ್ವರ್, ಹಣ ಪಾವತಿ, ಇಮೇಲ್ ಕಳಿಸುವುದು ಎಲ್ಲವೂ ಈಗ ಬಾಡಿಗೆಗೆ ಸಿಗುತ್ತವೆ. ದಿನ ಸಾಲುವುದಿಲ್ಲ ಅನ್ನುವ ದಿನಗಳೂ ಇವೆ, ಅದು ಎಲ್ಲ ಕೆಲಸದಲ್ಲೂ ಇರುವುದೇ.

ಅಸಲಿ ಕಷ್ಟ ಬೇರೆ. ನೀವು ಎಂಥ ತೀರ್ಮಾನ ಮಾಡಿದರೂ "ಬೇಡ" ಅನ್ನುವವರು ಯಾರೂ ಇರುವುದಿಲ್ಲ.

ಹೊಸ ಕಂಪನಿಗಳಲ್ಲಿ ಹಣ ಹೂಡುತ್ತಿದ್ದ ಪಾಲ್ ಗ್ರಹಾಂ 2006ರಲ್ಲಿ ಸ್ಟಾರ್ಟಪ್‌ಗಳನ್ನು ಮುಳುಗಿಸುವ 18 ತಪ್ಪುಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಮೊದಲನೆಯದೇ ಒಬ್ಬನೇ ಸ್ಥಾಪಕ ಇರುವುದು. ನಾನು ಅದನ್ನು ಮೊದಲು ಓದಿದಾಗ ಸಿಟ್ಟು ಬಂದಿತ್ತು. ಮಾರ್ಕಸ್ ಫ್ರಿಂಡ್ 2003ರಲ್ಲಿ ಒಬ್ಬರೇ ಶುರು ಮಾಡಿ ವರ್ಷಗಟ್ಟಲೆ ಒಬ್ಬರೇ ನಡೆಸಿದ 'ಪ್ಲೆಂಟಿ ಆಫ್ ಫಿಶ್' ಅನ್ನುವ ಡೇಟಿಂಗ್ ಜಾಲತಾಣ 2015ರಲ್ಲಿ 57.5 ಕೋಟಿ ಡಾಲರಿಗೆ ಮಾರಾಟ ಆಗಲಿಲ್ವಾ ಅಂತ ನನ್ನಷ್ಟಕ್ಕೆ ವಾದ ಮಾಡಿಕೊಂಡಿದ್ದೆ. (ಮಾರಾಟದ ಹೊತ್ತಿಗೆ ಅವರ ಹತ್ತಿರ ಕೆಲಸಗಾರರು ಇದ್ದರು ಅನ್ನುವುದನ್ನು ನನ್ನ ವಾದದಲ್ಲಿ ಸೇರಿಸಿರಲಿಲ್ಲ.) ಆದರೆ ಗ್ರಹಾಂ ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ. ದಡ್ಡ ತೀರ್ಮಾನ ಮಾಡಲು ಹೊರಟಾಗ ತಡೆಯುವುದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು ಅನ್ನುವುದು. ಅದು ಅರ್ಥವಾಗುವ ಹೊತ್ತಿಗೆ ಅಂಥ ತೀರ್ಮಾನಗಳನ್ನು ಸಾಕಷ್ಟು ಮಾಡಿ ಆಗಿತ್ತು.

ಒಂದೊಂದಾಗಿ ಹೇಳುತ್ತೇನೆ. ಮನೆಯಲ್ಲೋ ಸಣ್ಣ ಜಾಗದಲ್ಲೋ ಸಂಗೀತ, ನೃತ್ಯ, ಚಿತ್ರಕಲೆ ಹೇಳಿಕೊಡುವವರಿಗೆ ಹಾಜರಿ ಮತ್ತು ಫೀಸಿನ ಲೆಕ್ಕ ಇಡುವ ಸಾಫ್ಟ್‌ವೇರ್ ನನ್ನದು. ಮೊದಲ ವರ್ಷ ನಾಲ್ಕು ತಿಂಗಳು ಕೂತು ಅದಕ್ಕೆ ಬಣ್ಣಬಣ್ಣದ ಚಾರ್ಟ್‌ಗಳ ವರದಿ ಮಾಡಿದೆ. ಯಾವ ವಿದ್ಯಾರ್ಥಿ ಎಷ್ಟು ದಿನ ಬಂದ, ಯಾವ ತಿಂಗಳು ಆದಾಯ ಏರಿತು, ಎಲ್ಲ. ನೋಡಲು ಬಹಳ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಬಿಡುಗಡೆ ಮಾಡಿದ ತಿಂಗಳು ಅದನ್ನು ತೆರೆದು ನೋಡಿದವರು ಮೂರು ಜನ, ಅದರಲ್ಲಿ ಒಬ್ಬ ನಾನು.

ಅದೇ ಸಮಯಕ್ಕೆ ಒಬ್ಬ ಟೀಚರ್ ಬಿಟ್ಟು ಹೋಗುತ್ತೇನೆ ಅಂತ ಬರೆದರು. ಯಾಕೆ ಅಂತ ಫೋನ್ ಮಾಡಿ ಕೇಳಿದೆ. "ನೋಡಿ, ಪಾಠ ಮಾಡೋವಾಗ ನಾನು ಫೋನ್ ಮುಟ್ಟಲ್ಲ. ಪುಸ್ತಕದಲ್ಲಿ ಗುರುತು ಹಾಕ್ಕೊಂಡು ವಾರಕ್ಕೊಮ್ಮೆ ಕೂತು ಹಾಕ್ತೀನಿ. ನಿಮ್ಮದರಲ್ಲಿ ಹಳೇ ತಾರೀಕು ಹಾಕೋಕೇ ಬಿಡಲ್ಲವಲ್ಲ" ಅಂದರು. ಹೌದು, ಬಿಡುತ್ತಿರಲಿಲ್ಲ. ಲೆಕ್ಕದಲ್ಲಿ ತಪ್ಪಾಗಬಾರದು ಅಂತ ನಾನೇ ಬೇಕೆಂದು ಹಾಕಿದ ತಡೆ ಅದು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ತಡೆ ತೆಗೆದು, ಒಂದು ವಾರದ ಹಾಜರಿಯನ್ನು ಒಂದೇ ಪುಟದಲ್ಲಿ ತುಂಬುವ ಹಾಗೆ ಮಾಡಲು ಹಿಡಿದದ್ದು ಒಂದೂವರೆ ದಿನ. ನಾಲ್ಕು ತಿಂಗಳ ಚಾರ್ಟ್‌ಗಿಂತ ಅದೇ ಜಾಸ್ತಿ ಜನರನ್ನು ಉಳಿಸಿತು.

ಉಳಿಸುವುದು ಅಂದೆನಲ್ಲ, ಆ ಲೆಕ್ಕ ನನಗೆ ಮೊದಲು ಗೊತ್ತೇ ಇರಲಿಲ್ಲ. ತಿಂಗಳಿಗೆ ನೂರಕ್ಕೆ ಐದು ಜನ ಬಿಟ್ಟು ಹೋಗುತ್ತಾರೆ ಅಂದರೆ ಸಣ್ಣ ಸಂಖ್ಯೆ ಅನಿಸುತ್ತದೆ, ಅಲ್ವಾ? ಇವತ್ತಿನ ನೂರು ಗ್ರಾಹಕರಲ್ಲಿ ಒಂದು ವರ್ಷದ ನಂತರ ಉಳಿಯುವುದು ಸುಮಾರು 54. ಇನ್ನೂ ಕೆಟ್ಟ ಸುದ್ದಿ ಕೇಳಿ. ತಿಂಗಳಿಗೆ 10 ಹೊಸಬರು ಬರುತ್ತಾರೆ ಅಂತಿಟ್ಟುಕೊಳ್ಳಿ. ಗ್ರಾಹಕರು 200 ಮುಟ್ಟುವ ಹೊತ್ತಿಗೆ ಬಿಟ್ಟು ಹೋಗುವವರೂ ತಿಂಗಳಿಗೆ 10 ಆಗುತ್ತಾರೆ. ಅಲ್ಲಿಗೆ ಬೆಳವಣಿಗೆ ನಿಂತಿತು. ನೀವು ಎಷ್ಟೇ ಬೆವರು ಸುರಿಸಿ, ಆ 200 ದಾಟುವುದಿಲ್ಲ, ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಅದೇ ಐದನ್ನು ಎರಡೂವರೆಗೆ ಇಳಿಸಿದರೆ, ಹೊಸಬರು ಒಬ್ಬರೂ ಜಾಸ್ತಿ ಬಾರದೆಯೇ ಮಿತಿ 400 ಆಗುತ್ತದೆ. ಈ ಲೆಕ್ಕಕ್ಕೆ ಒಂದು ಚೀಟಿ, ಒಂದು ಪೆನ್ನು ಸಾಕು. ನಾನು ಅದನ್ನು ಮಾಡಿದ್ದು ಎರಡನೇ ವರ್ಷದ ಕೊನೆಗೆ, ಜಾಹೀರಾತಿಗೆ ಇದ್ದಬದ್ದ ದುಡ್ಡೆಲ್ಲ ಹಾಕಿದ ಮೇಲೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ "ಮೊದಲು ಜನ ಯಾಕೆ ಹೋಗ್ತಿದ್ದಾರೆ ನೋಡು" ಅನ್ನುತ್ತಿದ್ದರೋ ಏನೋ.

ದೊಡ್ಡ ಗ್ರಾಹಕರ ಆಸೆಗೂ ಬಿದ್ದಿದ್ದೆ. ಹತ್ತಾರು ಶಾಖೆ ಇರುವ ಒಂದು ಸಂಸ್ಥೆ ಬಂದು ಇದು ಬೇಕು, ಅದು ಬೇಕು ಅಂದಿತು. ಎರಡು ತಿಂಗಳು ಅವರಿಗಾಗಿಯೇ ದುಡಿದೆ. ಮುಂಗಡ ಕೇಳಲಿಲ್ಲ, ಕಾಗದದ ಮೇಲೆ ಒಂದು ಸಾಲೂ ಬರೆಸಿಕೊಳ್ಳಲಿಲ್ಲ. ಆಮೇಲೆ ಅವರು ಫೋನ್ ಎತ್ತಲಿಲ್ಲ. ಇದರಲ್ಲಿ ವಿವರಿಸುವುದಕ್ಕೆ ಏನೂ ಇಲ್ಲ. ಮುಂಗಡ ತಗೊಳ್ಳಿ, ಅಷ್ಟೆ.

ಇನ್ನು ಬ್ಯಾಕಪ್ಪಿನ ಕತೆ. ಪ್ರತಿ ರಾತ್ರಿ ಗ್ರಾಹಕರ ಮಾಹಿತಿಯೆಲ್ಲ ಇರುವ ಡೇಟಾಬೇಸ್‌ನ ನಕಲು ತೆಗೆದು ಜಿಪ್ ಮಾಡಿ (ಗಾತ್ರ ಕುಗ್ಗಿಸಿ) ಇನ್ನೊಂದು ಕಡೆ ಇಡುವ ಸ್ಕ್ರಿಪ್ಟ್, ಅಂದರೆ ತಾನಾಗಿ ನಡೆಯುವ ಪುಟ್ಟ ಪ್ರೋಗ್ರಾಂ, ಬರೆದಿದ್ದೆ. ದಿನಾ ಬೆಳಿಗ್ಗೆ "ಬ್ಯಾಕಪ್ ಆಯಿತು" ಅಂತ ಮೇಲ್ ಬರುತ್ತಿತ್ತು. ಮಧ್ಯೆ ಒಮ್ಮೆ ಡೇಟಾಬೇಸ್‌ನ ಪಾಸ್‌ವರ್ಡ್ ಬದಲಿಸಿದೆ, ಸ್ಕ್ರಿಪ್ಟಿನಲ್ಲಿ ಬದಲಿಸಲು ಮರೆತೆ. ನಕಲು ತೆಗೆಯುವ ಆಜ್ಞೆ ಸೋಲುತ್ತಿತ್ತು, ಆದರೆ ಅದರಿಂದ ಬಂದದ್ದನ್ನು ಪೈಪ್ ಮಾಡಿ, ಅಂದರೆ ನೇರ ಮುಂದಿನ ಆಜ್ಞೆಗೆ ಹರಿಸಿ, ಜಿಪ್‌ಗೆ ಕೊಟ್ಟಿದ್ದೆನಲ್ಲ, ಪೈಪಿನಲ್ಲಿ ಕೊನೆಯ ಆಜ್ಞೆ ಗೆದ್ದರೆ ಇಡೀ ಸಾಲು ಗೆದ್ದಂತೆಯೇ ಲೆಕ್ಕ. ಜಿಪ್ ಪಾಪ, ಬಂದ ಖಾಲಿಯನ್ನೇ ನಿಷ್ಠೆಯಿಂದ ಜಿಪ್ ಮಾಡುತ್ತಿತ್ತು. ದಿನಾ 20 ಬೈಟಿನ ಒಂದು ಫೈಲು. ಹನ್ನೊಂದು ವಾರ. ಅದು ಕಣ್ಣಿಗೆ ಬಿದ್ದದ್ದು ಪೂರ್ತಿ ಆಕಸ್ಮಿಕ, ಜಾಗ ಎಷ್ಟು ಉಳಿದಿದೆ ಅಂತ ನೋಡಲು ಹೋದಾಗ. ಏನೂ ಕಳೆದುಹೋಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೇರೆಯವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನಂಥ ಕಂಪನಿಯಲ್ಲೇ 2017ರ ಜನವರಿ 31ರಂದು ತಪ್ಪಿ ಅಸಲಿ ಡೇಟಾಬೇಸ್ ಅಳಿಸಿಹೋಗಿ, ಬ್ಯಾಕಪ್ ಮಾಡುವ ಹಲವು ದಾರಿಗಳಿದ್ದರೂ ಬೇಕಾದ ಹೊತ್ತಿಗೆ ಕೈಕೊಟ್ಟು, ಸುಮಾರು ಆರು ಗಂಟೆಯ ಮಾಹಿತಿ ಹೋಗಿತ್ತು. ಅಲ್ಲಿ ರಾತ್ರಿ ಎದ್ದು ಓಡಾಡಲು ಜನ ಇದ್ದರು. ಈಗ ನಾನು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಹೊಸ ಸರ್ವರಿಗೆ ಎಲ್ಲವನ್ನೂ ವಾಪಸ್ ತಂದು, ಒಬ್ಬ ಗ್ರಾಹಕರ ಫೀಸಿನ ಮೊತ್ತ ತಾಳೆ ನೋಡುತ್ತೇನೆ. "ಆಯಿತು" ಅನ್ನುವ ಮೇಲ್ ನಿಲ್ಲಿಸಿದ್ದೇನೆ. ಫೈಲು ನಿನ್ನೆಯದಕ್ಕಿಂತ ಚಿಕ್ಕದಾದರೆ ಮಾತ್ರ ಮೇಲ್ ಬರುತ್ತದೆ.

ಹಾಗಾದರೆ ಬೇಡ ಅನ್ನುವವರನ್ನು ಎಲ್ಲಿಂದ ತರುವುದು? ನಾನು ಮಾಡಿಕೊಂಡ ವ್ಯವಸ್ಥೆ ಅಂಥ ದೊಡ್ಡದೇನೂ ಅಲ್ಲ. ಹೊಸದೇನಾದರೂ ಮಾಡಬೇಕು ಅನಿಸಿದರೆ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆಯುತ್ತೇನೆ, ಯಾರು ಕೇಳಿದರು ಅನ್ನುವುದನ್ನೂ ಬರೆಯುತ್ತೇನೆ. ಒಂದು ವಾರ ಮುಟ್ಟುವ ಹಾಗಿಲ್ಲ. ಮುಕ್ಕಾಲು ಪಾಲು ಐಡಿಯಾಗಳು ಆ ವಾರದಲ್ಲೇ ಸಾಯುತ್ತವೆ. "ಯಾರು ಕೇಳಿದರು" ಅನ್ನುವ ಜಾಗದಲ್ಲಿ ನನ್ನ ಹೆಸರೇ ಇದ್ದರೆ ಇನ್ನೊಂದು ತಿಂಗಳು. ಜೊತೆಗೆ, ನನ್ನ ಹಾಗೇ ಒಬ್ಬನೇ ಕಂಪನಿ ನಡೆಸುವ ಗೆಳೆಯನೊಬ್ಬನಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತೇನೆ. ಅವನಿಗೆ ನನ್ನ ಕೋಡ್ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. "ಇದಕ್ಕೆ ಯಾರು ದುಡ್ಡು ಕೊಡ್ತಾರೋ?" ಅಂತ ಅವನು ಒಂದೇ ಪ್ರಶ್ನೆ ಕೇಳುತ್ತಾನೆ. ಬಹಳ ಸಲ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಈಗ ಎಐ ಇದೆಯಲ್ಲ, ಅದನ್ನೇ ಕೇಳಬಹುದಲ್ಲ ಅನ್ನುತ್ತಾರೆ. ಕೋಡ್ ಬರೆಸುವುದಕ್ಕೆ ನಾನೂ ದಿನಾ ಬಳಸುತ್ತೇನೆ, ತುಂಬಾ ಉಪಯೋಗ. ಆದರೆ ಅದಕ್ಕೆ ನನ್ನ ಐಡಿಯಾ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ "ಒಳ್ಳೆಯ ಯೋಚನೆ" ಅಂತಲೇ ಶುರು ಮಾಡುತ್ತದೆ. ನಾಲ್ಕು ತಿಂಗಳ ಚಾರ್ಟನ್ನು ನಾಲ್ಕು ದಿನದಲ್ಲಿ ಮಾಡಿಕೊಡುತ್ತದೆ ಅನ್ನುವುದು ನನ್ನಂಥವನಿಗೆ ಅಪಾಯವೇ.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಹಾಗಾದ್ರೆ ಒಬ್ಬ ಪಾರ್ಟ್‌ನರ್ ನೋಡ್ಕೊಳ್ಳಬಾರದಾ?" ನೋಡಿದ್ದೆ. ಮೂರು ವಾರ ಒಬ್ಬರ ಜೊತೆ ಕೂತು ಕೆಲಸ ಮಾಡಿಯೂ ನೋಡಿದೆ. ಒಳ್ಳೆಯ ಮನುಷ್ಯ, ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಾರೆ. ಅವರು ಬಂದ ಮೊದಲ ದಿನ ನನ್ನ ವರದಿಯ ಪುಟ ತೆರೆದು, "ಈ ಚಾರ್ಟ್‌ಗಳು ಸೂಪರ್ ಆಗಿವೆ, ಇನ್ನೂ ನಾಲ್ಕು ಹಾಕೋಣ" ಅಂದರು.