ಮೊದಲ ಚುಚ್ಚುಮದ್ದಿನ ನಂತರದ ಎರಡು ವಾರ

ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆಯಾದ ಎಂಡೊಮೆಟ್ರಿಯೋಸಿಸ್‌ಗೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡ ಮೇಲೂ ಮುಟ್ಟಿನ ನೋವು ತಗ್ಗದಿದ್ದಾಗ, ತಿಂಗಳಿಗೊಂದರಂತೆ 3.75 ಮಿಲಿಗ್ರಾಂ ಲ್ಯೂಪ್ರೊಲೈಡ್ ಎಂಬ ಹಾರ್ಮೋನ್ ಚುಚ್ಚುಮದ್ದನ್ನು ಆರು ತಿಂಗಳು ತೆಗೆದುಕೊಳ್ಳುವಂತೆ ವೈದ್ಯರು ಸೂಚಿಸಿದರು. ಮೊದಲನೆಯದನ್ನು ಹಾಕಿಸಿಕೊಂಡು ಮನೆಗೆ ಮರಳುವಾಗ, ಇನ್ನು ಆ ನೋವಿನ ಮುಖ ನೋಡಬೇಕಾಗಿಲ್ಲವೆಂದೇ ನಂಬಿದ್ದೆ.

ಆರನೆಯ ದಿನ ಕಿಬ್ಬೊಟ್ಟೆಯಲ್ಲಿ ಅದೇ ಹಿಂಡುವ ನೋವು ಶುರುವಾಯಿತು. ಹತ್ತನೆಯ ರಾತ್ರಿಯನ್ನಂತೂ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಗೋಡೆಗೆ ಒರಗಿ ಕುಳಿತೇ ಕಳೆದೆ. ಔಷಧ ನನಗೆ ಒಗ್ಗಲಿಲ್ಲ, ಕೊನೆಯ ದಾರಿಯೂ ಮುಚ್ಚಿತು ಎಂಬ ಭಯ ನೋವಿಗಿಂತ ಹೆಚ್ಚು ಕಾಡಿತು.

ಬೆಳಿಗ್ಗೆ ಫೋನ್ ಮಾಡಿದಾಗ ವೈದ್ಯರು ಕಾರಣ ವಿವರಿಸಿದರು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಮೆದುಳು ಬಿಟ್ಟುಬಿಟ್ಟು ಕಳಿಸುವ ಸಂದೇಶವನ್ನು ಈ ಔಷಧ ಬಿಡುವಿಲ್ಲದೆ ಕಳಿಸುತ್ತದೆ; ಮೊದಮೊದಲು ಗ್ರಂಥಿ ಕೆರಳುವುದರಿಂದ ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಹೆಚ್ಚಾಗಿಯೇ ಸ್ರವಿಸುತ್ತವೆ, ನೋವೂ ಏರಬಹುದು; ಕೆಲವು ವಾರಗಳಲ್ಲಿ ಗ್ರಂಥಿ ಆ ಸಂದೇಶಕ್ಕೆ ಓಗೊಡುವುದನ್ನೇ ನಿಲ್ಲಿಸಿ, ಈಸ್ಟ್ರೊಜೆನ್ ಇಳಿದು, ಗರ್ಭಕೋಶದ ಹೊರಗೆ ಬೆಳೆದ ಒಳಪದರದಂಥ ಅಂಗಾಂಶಕ್ಕೆ ಪೋಷಣೆ ತಪ್ಪುತ್ತದೆ. ಇಷ್ಟನ್ನು ಚುಚ್ಚುವ ಮೊದಲೇ ಹೇಳಿದ್ದರೆ ನೋವು ಕಡಿಮೆಯಾಗುತ್ತಿರಲಿಲ್ಲ, ಆದರೆ ಆ ರಾತ್ರಿಯ ಭಯವಾದರೂ ತಪ್ಪುತ್ತಿತ್ತು. ವರ್ಷಗಟ್ಟಲೆ "ಮುಟ್ಟು ಎಂದರೆ ನೋವು ಇದ್ದದ್ದೇ" ಎಂದು ಕೇಳಿಸಿಕೊಂಡು ಬಂದ ಹೆಂಗಸಿಗೆ ಚಿಕಿತ್ಸೆಯಷ್ಟೇ ಮುಖ್ಯವಾದದ್ದು ಈ ವಿವರಣೆ ಎಂದು ನನಗೆ ಈಗಲೂ ಅನಿಸುತ್ತದೆ.

ಮೂರನೆಯ ವಾರದಿಂದ ನೋವು ಇಳಿಯತೊಡಗಿತು. ಅದರ ಬದಲಿಗೆ ಋತುಬಂಧದ ಲಕ್ಷಣಗಳು ಬಂದವು: ಕತ್ತಿನಿಂದ ಮುಖಕ್ಕೆ ಏರುವ ಬಿಸಿ, ಬೆವರಿನಿಂದ ತೊಯ್ದ ದಿಂಬು, ನಿದ್ದೆಗೆಟ್ಟ ಕಣ್ಣುಗಳು. ಈಸ್ಟ್ರೊಜೆನ್ ಕುಗ್ಗಿದರೆ ಮೂಳೆಯ ಸಾಂದ್ರತೆಯೂ ಕುಗ್ಗುವುದರಿಂದ, ದಿನಕ್ಕೊಂದು ನೊರೆಥಿಸ್ಟರೋನ್ ಎಂಬ ಹಾರ್ಮೋನ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಯನ್ನೂ ಬರೆದುಕೊಟ್ಟರು. ಈ ಬಾರಿ ಪ್ರತಿಯೊಂದೂ ಏಕೆಂದು ಕೇಳಿಯೇ ಚೀಟಿ ತೆಗೆದುಕೊಂಡೆ.

ಎರಡನೆಯ ಚುಚ್ಚುಮದ್ದಾದ ಮೇಲೆ ಮುಟ್ಟಿನ ದಿನ ಬಂದರೂ ರಕ್ತಸ್ರಾವವಾಗಲಿಲ್ಲ. ಅಭ್ಯಾಸದಂತೆ ಬಿಸಿನೀರಿನ ಚೀಲವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮೂರು ರಾತ್ರಿ ಕಾದೆ. ನಾಲ್ಕನೆಯ ದಿನ ಅದನ್ನು ಒರೆಸಿ ಬೀರುವಿನೊಳಗೆ ಇಟ್ಟೆ.