ತಪ್ಪಿ ಬಾರಿಸಿದ ಗಂಟೆ

ಕನ್ನಡ ಪಾಠ ಮಾಡುವವನಿಗೂ ಓಟದ ಮೈದಾನಕ್ಕೂ ಏನು ಸಂಬಂಧ ಎಂದು ಕೇಳುವವರು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳನ್ನು ಹತ್ತಿರದಿಂದ ಕಂಡಿರಲಾರರು. ದೈಹಿಕ ಶಿಕ್ಷಕರು ಸಾಲದಾದಾಗ ಗಂಟಲು ಗಟ್ಟಿಯಿರುವ ಮೇಷ್ಟ್ರನ್ನು ಮೈಕಿನ ಮುಂದೆ, ಅಕ್ಷರ ದುಂಡಗಿರುವವರನ್ನು ಪ್ರಮಾಣಪತ್ರ ಬರೆಯಲು, ಎರಡೂ ಇಲ್ಲದವರನ್ನು ಊಟದ ಕೂಪನ್ ಹಂಚಲು ಒ.ಒ.ಡಿ. ಮೇಲೆ, ಅಂದರೆ ಶಾಲೆಯ ಹೊರಗಿನ ಕರ್ತವ್ಯಕ್ಕೆಂದು, ಕರೆಸಿಕೊಳ್ಳುವುದು ವಾಡಿಕೆ. 2010ರ ಸೆಪ್ಟೆಂಬರ್‌ನಲ್ಲಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಗಳ ಕೂಟ ನಡೆದಾಗ ನನ್ನನ್ನು ಕರೆಸಿದ್ದೂ ಪ್ರಮಾಣಪತ್ರ ಬರೆಯುವುದಕ್ಕೇ. ಆದರೆ ಎರಡನೆಯ ದಿನ ಮಧ್ಯಾಹ್ನ, ಬಾಲಕಿಯರ 3000 ಮೀಟರ್ ಓಟದ ಸುತ್ತು ಎಣಿಸಬೇಕಾಗಿದ್ದವರು ಜ್ವರವೆಂದು ಮನೆಗೆ ಹೋದ ಕಾರಣ, ನನ್ನ ಕೈಗೆ ಒಂದು ರಟ್ಟು, ಖಾನೆ ಎಳೆದ ಹಾಳೆ ಮತ್ತು ಶಾಲೆಯ ಹಿತ್ತಾಳೆ ಗಂಟೆಯನ್ನು ಕೊಟ್ಟು ಅಂತಿಮ ಗೆರೆಯ ಪಕ್ಕದಲ್ಲಿ ಕೂರಿಸಿದರು.

ಕೆಲಸ ಸುಲಭವೆಂದೇ ಭಾವಿಸಿದ್ದೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಾಡಿದ್ದು 200 ಮೀಟರಿನ ಟ್ರ್ಯಾಕು. ಅಂದರೆ ಹದಿನೈದು ಸುತ್ತು. ಪ್ರತಿ ಹುಡುಗಿ ಗೆರೆ ದಾಟಿದಾಗಲೂ ಅವಳ ಚೆಸ್ಟ್ ನಂಬರಿನ ಖಾನೆಯಲ್ಲಿ ಒಂದು ಗೀಟು ಎಳೆಯಬೇಕು, ಮುಂದಿರುವವಳು ಹದಿನಾಲ್ಕು ಮುಗಿಸಿದಾಗ ಗಂಟೆ ಬಾರಿಸಬೇಕು. ಐದಾರು ಸುತ್ತಿನವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಹಿಂದೆ ಬಿದ್ದವರನ್ನು ಮುಂದಿನವರು ಬಳಸಿಕೊಂಡು ಹೋಗತೊಡಗಿದಾಗ, ಯಾರು ಎಷ್ಟನೆಯ ಸುತ್ತಿನಲ್ಲಿದ್ದಾರೆಂಬುದು ಕಣ್ಣಿಗೆ ಸಿಗದಂತಾಯಿತು. ಎಲ್ಲರಿಗಿಂತ ಮುಂದಿದ್ದವಳ ಸಂಖ್ಯೆ 42, ಎಲ್ಲರಿಗಿಂತ ಹಿಂದಿದ್ದವಳದು 24. ಎಲ್ಲೋ ಒಂದು ಸಲ ಹಿಂದಿನವಳ ಗೀಟನ್ನು ಮುಂದಿನವಳ ಖಾನೆಯಲ್ಲಿ ಎಳೆದಿದ್ದೆನೆಂಬುದು ತಿಳಿದದ್ದು ಓಟ ಮುಗಿದ ಮೇಲೆ. ಹದಿಮೂರೇ ಸುತ್ತು ಮುಗಿಸಿದ್ದವಳಿಗೆ ನಾನು ಕೊನೆಯ ಸುತ್ತಿನ ಗಂಟೆ ಬಾರಿಸಿಬಿಟ್ಟೆ.

ಗಂಟೆ ಕೇಳಿದ್ದೇ ತಡ, ಬರಿಗಾಲಿನ ಆ ಹುಡುಗಿ ಉಳಿದ ಉಸಿರನ್ನೆಲ್ಲ ಸೇರಿಸಿ ಓಡಿ, ಎರಡನೆಯವಳನ್ನು ಸುಮಾರು ಮೂವತ್ತು ಮೀಟರ್ ಹಿಂದೆ ಬಿಟ್ಟು ಗೆರೆ ದಾಟಿದವಳೇ ನಿಂತು, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದಳು. ಪುಣ್ಯಕ್ಕೆ ಟ್ರ್ಯಾಕಿನೊಳಗೇ ನಿಂತಿದ್ದಳು. ತಾನಾಗಿ ಹೊರಗೆ ಕಾಲಿಟ್ಟಿದ್ದರೆ ನಿಯಮದಂತೆ ಅವಳ ಓಟ ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಹಾಳೆ ಹಿಡಿದಿದ್ದವರು, "ಸಾರ್, ಹದಿನಾಲ್ಕೇ ಆಗಿರೋದು" ಎಂದರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನನ್ನ ಬಾಯಿಂದ ಆ ಕ್ಷಣ ಒಂದು ಅಕ್ಷರವೂ ಹೊರಡಲಿಲ್ಲ.

ಅಷ್ಟರಲ್ಲಿ 17ನೇ ಸಂಖ್ಯೆಯವಳು ಬಂದಳು. ಅವಳು ಗಂಟೆಯನ್ನು ನಂಬಿರಲಿಲ್ಲವೆಂಬುದು ಓಟದ ಗತಿಯಲ್ಲೇ ಗೊತ್ತಾಗುತ್ತಿತ್ತು. ಕೊನೆಯ ಸುತ್ತಿನ ಆತುರ ಅದರಲ್ಲಿರಲಿಲ್ಲ. ಅವಳು ಹಾಗೆಯೇ ಹಾದು ಹೋಗಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಬಗ್ಗಿ ನಿಂತವಳ ಬಳಿ ನಿಧಾನಿಸಿ, ಭುಜ ತಟ್ಟಿ, "ಏ, ಇನ್ನೊಂದ್ ರೌಂಡ್ ಐತೆ ಕಣೇ, ನಡಿ" ಎಂದಳು. ಅವಳು ಅರ್ಥವಾಗದೆ ಮುಖ ನೋಡಿದಾಗ, ಗಂಟೆ ಹಿಡಿದು ನಿಂತಿದ್ದ ನನ್ನತ್ತ ಗಲ್ಲ ಎತ್ತಿ ತೋರಿಸಿ, "ಅವ್ರು ತಪ್ಪು ಹೊಡ್ದವ್ರೆ" ಎಂದಳು. 42 ಮತ್ತೆ ಓಟ ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ನಿಂತಲ್ಲೇ ಕಾಲು ಕುಣಿಸುತ್ತಿದ್ದು, ಅನಂತರ ತಾನೂ ಹೊರಟಳು.

ಆ ಕೊನೆಯ ಸುತ್ತನ್ನು ನಾನು ಹಾಳೆ ಕೆಳಗಿಟ್ಟು ನೋಡಿದೆ. ಗೆಳತಿಯರು ಕೈಹಿಡಿದು ಗೆರೆ ದಾಟುವಂಥದ್ದೇನೂ ನಡೆಯಲಿಲ್ಲ. ಎದುರಿನ ಬಾಗು ದಾಟಿ ನೇರ ದಾರಿಗೆ ಬಂದ ಮೇಲೆ 17 ಹಲ್ಲು ಕಚ್ಚಿ ಅವಳ ಬೆನ್ನಟ್ಟಿದಳು. ಒಮ್ಮೆ ಭುಜಕ್ಕೆ ಭುಜ ಬಂದಳು ಕೂಡ. ಸುಳ್ಳು ಮುಕ್ತಾಯಕ್ಕೆ ಶಕ್ತಿ ಸುರಿದು ಬಸವಳಿದಿದ್ದ 42 ಹೇಗೋ ಒಂದು ಮೊಳದಷ್ಟು ಮುಂದಾಗಿ ಗೆದ್ದಳು. 17 ಬೇಕೆಂದೇ ಸೋತಳೆಂದು ಆಮೇಲೆ ಶಾಮಿಯಾನದ ಕೆಳಗೆ ಮಾತು ಹುಟ್ಟಿತು. ಗೆರೆಯಿಂದ ಎರಡು ಮಾರು ದೂರದಲ್ಲಿದ್ದ ನಾನು ಅದನ್ನು ಒಪ್ಪಲಾರೆ. ಬೇಕೆಂದು ಸೋಲುವವರ ಕತ್ತಿನ ನರ ಹಾಗೆ ಉಬ್ಬಿರುವುದಿಲ್ಲ.

ಅವಳು ಕಳೆದುಕೊಂಡದ್ದೇನು ಸಣ್ಣದಲ್ಲ. ಮೊದಲ ಮೂವರಿಗೆ ಐದು, ಮೂರು, ಒಂದು ಅಂಕ. 800 ಮೀಟರಿನಲ್ಲಿ ಮೊದಲ ಸ್ಥಾನ, 1500ರಲ್ಲಿ ಎರಡನೆಯದು ಪಡೆದಿದ್ದ ಅವಳ ಬಳಿ ಎಂಟು ಅಂಕವಿತ್ತು. ಇದನ್ನು ಗೆದ್ದಿದ್ದರೆ ಹದಿಮೂರಾಗಿ ವೈಯಕ್ತಿಕ ಚಾಂಪಿಯನ್ ಕಪ್ ಅವಳದಾಗುತ್ತಿತ್ತು. ಈಗ ಹನ್ನೊಂದಕ್ಕೆ ನಿಂತು, ಅಷ್ಟೇ ಅಂಕವಿದ್ದರೂ ಎರಡು ಓಟ ಗೆದ್ದಿದ್ದ ಮತ್ತೊಂದು ಶಾಲೆಯ ಹುಡುಗಿಗೆ ಕಪ್ ಹೋಯಿತು. ಅವಳ ಪಿ.ಟಿ. ಮೇಷ್ಟ್ರು ನೀರಿನ ಡ್ರಮ್ಮಿನ ಬಳಿ ಅವಳನ್ನು ನಿಲ್ಲಿಸಿಕೊಂಡು, "ಗಂಟೆ ಹೊಡೆದದ್ದು ಅವರ ತಪ್ಪು, ನಿಂತದ್ದು ಅವಳ ತಪ್ಪು, ನಡುವೆ ನಿನಗ್ಯಾಕೆ ಬೇಕಿತ್ತು ಪಂಚಾಯ್ತಿ?" ಎಂದು ಗದರುತ್ತಿದ್ದುದು ನನಗೂ ಕೇಳಿಸಿತು, ನನಗೆ ಕೇಳಿಸಲೆಂದೇ ಅಂದಿದ್ದರೂ ಅಂದಿರಬಹುದು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎರಡು ತಿಂಗಳು ಬೆಳಗಿನ ಐದೂವರೆಗೆ ಮೈದಾನಕ್ಕೆ ಬಂದು ಮಕ್ಕಳನ್ನು ಓಡಿಸಿದವರ ಸಂಕಟ, ಎರಡು ದಿನಕ್ಕೆ ಬಂದು ಗಂಟೆ ಬಾರಿಸಿದವನಿಗೆ ತಿಳಿಯುವಂಥದ್ದಲ್ಲ.

ಆ ಮೇಷ್ಟ್ರ ಮಾತು ಮತ್ತೆ ನೆನಪಾದದ್ದು ಎರಡು ವರ್ಷದ ಮೇಲೆ, ಸ್ಪೇನಿನ ಒಂದು ಸುದ್ದಿ ಓದಿದಾಗ. 2012ರ ಡಿಸೆಂಬರ್ 2ರಂದು ನವಾರಾ ಪ್ರಾಂತದ ಬುರ್ಲಾಡಾದಲ್ಲಿ ನಡೆದ ಕ್ರಾಸ್‌ಕಂಟ್ರಿ ಓಟದಲ್ಲಿ, ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಕಂಚು ಗೆದ್ದಿದ್ದ ಕೆನ್ಯಾದ ಏಬೆಲ್ ಮುತಾಯ್, ಗುರಿ ಮುಟ್ಟಿದೆನೆಂದು ತಪ್ಪಾಗಿ ತಿಳಿದು, ಗೆರೆ ಇನ್ನೂ ಸ್ವಲ್ಪ ದೂರವಿರುವಾಗಲೇ ಓಟ ನಿಲ್ಲಿಸಿಬಿಟ್ಟ. ಹಿಂದಿನಿಂದ ಬಂದ ಸ್ಪೇನಿನ ಓಟಗಾರ ಈವಾನ್ ಫರ್ನಾಂಡೆಜ್ ಅನಾಯಾ ಅವನನ್ನು ದಾಟಲಿಲ್ಲ. ಭಾಷೆ ಬಾರದ್ದರಿಂದ ಕೈಸನ್ನೆ ಮಾಡಿ, ಅವನನ್ನು ಮುಂದೆ ಕಳಿಸಿ, ತಾನು ಎರಡನೆಯವನಾಗಿ ಉಳಿದ. ಈ ಕಥೆ ವಾಟ್ಸಾಪ್‌ನಲ್ಲಿ ತಾಯಿಯ ಕುರಿತ ಒಂದು ಕಣ್ಣೀರಿನ ಸಂಭಾಷಣೆಯನ್ನೂ ಹೊತ್ತು ಇಂದಿಗೂ ತಿರುಗುತ್ತಿದೆ; ಅದನ್ನು ನಂಬಲು ನನಗೆ ಮನಸ್ಸಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಸಂಗತಿ. ಅನಾಯಾನ ತರಬೇತುದಾರ, 1995ರ ವಿಶ್ವ ಮ್ಯಾರಥಾನ್ ಚಾಂಪಿಯನ್ ಮಾರ್ಟಿನ್ ಫಿಜ್, ಶಿಷ್ಯನ ಪ್ರಾಮಾಣಿಕತೆಯನ್ನು ಮೆಚ್ಚಿದರೂ ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಗೆದ್ದುಬಿಡುತ್ತಿದ್ದೆ ಎಂದಿದ್ದರು. ನಮ್ಮ ಪಿ.ಟಿ. ಮೇಷ್ಟ್ರಿಗೆ ಸ್ಪೇನಿನಲ್ಲೊಬ್ಬ ಜೊತೆಗಾರ ಸಿಕ್ಕಂತಾಯಿತು. ಇನ್ನೊಂದು, ಸ್ವತಃ ಅನಾಯಾ ಒಪ್ಪಿಕೊಂಡ ಮಾತು: ಯುರೋಪಿನ ಅಥವಾ ವಿಶ್ವಮಟ್ಟದ ಪದಕ ಎದುರಿಗಿದ್ದಿದ್ದರೆ ತಾನು ಬೇರೆ ರೀತಿ ನಡೆದುಕೊಳ್ಳುತ್ತಿದ್ದೆನೇನೋ ಎಂದು. ಅವನ ಗೌರವ ನನ್ನಲ್ಲಿ ಇದರಿಂದ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಆದರೆ ಹದಿನೈದು ವರ್ಷದ ಆ ಹುಡುಗಿಯ ಪಾಲಿಗೆ, ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಕುಳಿತಿದ್ದ ಆ ಕಪ್ಪಿಗಿಂತ ದೊಡ್ಡ ಪದಕ ಆಗ ಇನ್ನಾವುದಿತ್ತು?

ಅಂದು ಸಂಜೆ ಪ್ರಮಾಣಪತ್ರ ತೆಗೆದುಕೊಳ್ಳಲು ಅವಳು ನನ್ನ ಮೇಜಿನ ಬಳಿಗೇ ಬಂದಳು. ಕ್ಷಮೆ ಕೇಳಬೇಕೆಂದು ಹೊತ್ತಿನಿಂದ ಮಾತು ಕೂಡಿಸುತ್ತಿದ್ದವನು, ಕೊನೆಗೆ, "ಗಂಟೆ ತಪ್ಪೆಂದು ನಿನಗೆ ಹೇಗೆ ಗೊತ್ತಾಯಿತಮ್ಮ?" ಎಂದಷ್ಟೇ ಕೇಳಿದೆ. ಅವಳು ಬಲಗೈಯ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿ, "ಇದ್ರಾಗೆ ಹನ್ನೆರಡು, ಎಡಗೈಯಾಗೆ ಮೂರು. ಇನ್ನೊಂದು ಗೆಣ್ಣು ಉಳಿದಿತ್ತಲ್ಲ ಸಾರ್" ಎಂದಳು. "ಮತ್ತೆ ಅವಳನ್ನು ಯಾಕೆ ಎಬ್ಬಿಸಿದೆ?" ಎಂದಾಗ, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿ, "ಅವ್ಳೇ ಮುಂದಿದ್ದಿದ್ದು" ಎಂದಳು.

ನಾನು ಒಣಗಿದ ಶಾಯಿಯನ್ನು ಇನ್ನೊಮ್ಮೆ ಊದಿ ಪ್ರಮಾಣಪತ್ರ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು, 'ದ್ವಿತೀಯ' ಎಂಬುದನ್ನು ದಾಟಿ, ಹೆಸರಿನ ಮೇಲೆ ಬೆರಳಿಟ್ಟು, "ಸಾರ್, ಇಲ್ಲೊಂದು ಒತ್ತು ಬಿಟ್ಟೋಗಿದೆ" ಎಂದಳು. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದೆ.