ಹವಾಲ್ದಾರ್ರು ಬೇಡ ಅಂದ ಹಸಿರು

"ಹಸಿರು ಹೊಡಿ ಅಂತ ನಿಂಗೆ ಯಾರಪ್ಪಾ ಹೇಳಿದ್ದು?"

ಸೈನ್ಯದಿಂದ ರಿಟೈರ್ ಆಗಿ ಬಂದ ನಮ್ಮೂರಿನ ಹವಾಲ್ದಾರ್ರು ಭಾನುವಾರ ಕೇಳಿದ ಈ ಪ್ರಶ್ನೆ ಇವತ್ತಿಗೂ ತಲೆಯಿಂದ ಹೋಗಿಲ್ಲ. ಪೇಂಟರ್ ಹುಡುಗ ನನ್ನ ಮುಖ ನೋಡಿದ, ನಾನು ಪೇಂಟರ್ ಮುಖ ನೋಡಿದೆ. ಯಾರು ಹೇಳಿದ್ದು ಅಂದ್ರೆ ಯಾರೂ ಹೇಳಿಲ್ಲ. ಮಿಲಿಟರಿ ಗಾಡಿ ಅಂದ ಮೇಲೆ ಹಸಿರು, ಅದರಲ್ಲಿ ಕೇಳೋದೇನಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ನಾನು ರಿಪೇರಿ ಮಾಡಿಸ್ತಿರೋ ಗಾಡಿ ನಿಸ್ಸಾನ್ ಒನ್ ಟನ್, ಸೇನೆಯ ಹಳೇ ಟ್ರಕ್ಕು. ಸೇನೆಯ ಜೋಂಗಾ ಜೀಪು ಗೊತ್ತಲ್ವಾ, ಕೊಡಗಿನ ಕಡೆ ತೋಟದಲ್ಲಿ ಈಗಲೂ ಓಡಾಡುತ್ತಲ್ಲ, ಅದರ ದೊಡ್ಡಣ್ಣ ಇದು. ಜಪಾನಿನ ನಿಸ್ಸಾನ್ ಕಂಪನಿ ಲೈಸೆನ್ಸ್ ಕೊಟ್ಟಿತ್ತು, ಗಾಡಿ ಕಟ್ಟಿದ್ದು ನಮ್ಮ ಜಬಲ್ಪುರದಲ್ಲಿ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, 3,956 ಸಿಸಿ, ನಾಲ್ಕೂ ಚಕ್ರಕ್ಕೆ ಡ್ರೈವ್. ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಪಕ್ಕದ ತೋಟದ ಯಜಮಾನರು ಸೇನೆಯ ಹಳೇ ಗಾಡಿಗಳ ಡಿಸ್ಪೋಸಲ್ ಹರಾಜಿನಲ್ಲಿ ತಂದಿದ್ದರು. ಅವರು ಹೋದ ಮೇಲೆ ಶೆಡ್ಡಿನಲ್ಲೇ ನಿಂತಿತ್ತು. ಮಗ ಬೆಂಗಳೂರಿನಲ್ಲಿ, ಅವನಿಗೆ ಶೆಡ್ಡು ಖಾಲಿಯಾದರೆ ಸಾಕಿತ್ತು. "ಗುಜರಿಯವನಿಗೆ ಕೊಡೋ ಬದಲು ನಿಮಗೇ ಇರಲಿ ಬಿಡಿ" ಅಂದ. ರೇಟು ಮಾತ್ರ ಗುಜರಿಯವನಿಗಿಂತ ಜಾಸ್ತಿನೇ ತಗೊಂಡ.

ಶುರುವಿಗೆ ಬ್ರೇಕು. ನಾಲ್ಕೂ ಡ್ರಮ್ ಬಿಚ್ಚಿದರೆ ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ಪುಡಿಯಾಗಿ ಕೈಗೆ ಬಂತು. ಪಿಸ್ಟನ್ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿತ್ತು. ನಮ್ಮ ಮೆಕ್ಯಾನಿಕ್ ಬಾಯಿ ಜೋರು, ಆದರೆ ಕೈ ಬಂಗಾರ. ಅವನು ಹೇಳಿದ್ದಿಷ್ಟೇ: "ಸಾರ್, ಇದು ಸ್ಟಾರ್ಟ್ ಆಗೋದು ದೊಡ್ಡ ವಿಷಯ ಅಲ್ಲ, ನಿಲ್ಲೋದು ದೊಡ್ಡ ವಿಷಯ." ಎಲ್ಲರಿಗೂ ಎಂಜಿನ್ ಸದ್ದು ಕೇಳುವ ಆಸೆ, ವಿಡಿಯೋ ಮಾಡುವ ಆಸೆ. ಬ್ರೇಕಿನ ವಿಡಿಯೋ ಯಾರು ನೋಡ್ತಾರೆ? ಹಳೇ ಗಾಡಿ ತಗೊಳ್ಳುವವರಿಗೆ ನಾನು ಹೇಳೋದೂ ಇದನ್ನೇ. ಮೊದಲು ಬ್ರೇಕು, ಆಮೇಲೆ ಸ್ಟೇರಿಂಗು, ಆಮೇಲೆ ಎಂಜಿನ್, ಕೊನೆಗೆ ಬಣ್ಣ.

ಪೆಟ್ರೋಲಿನದ್ದು ಬೇರೆಯೇ ಗೋಳು. ಈಗ ಬಂಕಿನಲ್ಲಿ ಬರೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಈ ಗಾಡಿಯ ರಬ್ಬರುಗಳು ಎಥನಾಲ್ ಹೆಸರೇ ಕೇಳದ ಕಾಲದವು. ಫ್ಯುಯಲ್ ಪಂಪಿನ ಡಯಾಫ್ರಮ್, ಅಂದ್ರೆ ಒಳಗಿನ ರಬ್ಬರ್ ಪೊರೆ, ಊದಿಕೊಂಡು ಸುಕ್ಕಾಗಿತ್ತು, ಪೈಪು ಮುಟ್ಟಿದರೆ ಅಂಟು. ಸಾಲದ್ದಕ್ಕೆ ಎಥನಾಲ್ ನೀರು ಹೀರಿಕೊಳ್ಳುತ್ತೆ, ಟ್ಯಾಂಕಿನ ಒಳಗಿನ ಹಳೇ ತುಕ್ಕನ್ನೆಲ್ಲ ಎಬ್ಬಿಸಿ ಕಾರ್ಬುರೇಟರಿಗೆ ತಂದು ಸುರಿಯುತ್ತೆ. ಟ್ಯಾಂಕ್ ಇಳಿಸಿ, ಒಳಗೆ ಜಲ್ಲಿ ಹಾಕಿ, ಅಲ್ಲಾಡಿಸಿ ತೊಳೆದೆವು. ಬಂದ ನೀರು ಕೆಂಪಗೆ, ಚೌಡೇಶ್ವರಿ ಜಾತ್ರೆಯ ಓಕುಳಿ. ಡಯಾಫ್ರಮ್ಮಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ, ಅಲ್ಲಿ ಸಿಗದೆ, ಕೊನೆಗೆ ದೆಹಲಿಯ ಮಾಯಾಪುರಿಯಿಂದ ಕೊರಿಯರ್ ತರಿಸಿದ್ದಾಯಿತು. ಅಲ್ಲಿ ಜೋಂಗಾದ್ದು, ನಿಸ್ಸಾನಿನದ್ದು, ಶಕ್ತಿಮಾನ್ ಲಾರಿಯದ್ದು ಎಲ್ಲಾ ಸಿಗುತ್ತೆ. ಫೋಟೋದಲ್ಲಿ ತೋರಿಸಿದ್ದೇ ಬರುತ್ತೆ ಅನ್ನುವ ಗ್ಯಾರಂಟಿ ಮಾತ್ರ ಕೇಳಬಾರದು.

ಇರಲಿ, ಬಣ್ಣದ ವಿಷಯಕ್ಕೆ ಬರ್ತೀನಿ.

ಗಾಡಿ ಮೇಲೆ ಮಾಸಿದ ನೀಲಿ ಬಣ್ಣ ಇತ್ತು. ಪೇಂಟರ್ ಹುಡುಗ ಬಾಗಿಲಿನ ಹತ್ತಿರ ನೀರು ಹಾಕಿ ವಾಟರ್ ಪೇಪರ್ ತಿಕ್ಕುತ್ತಾ ಬಂದ. ನೀಲಿ ಹೋಗಿ ಬೂದು ಪ್ರೈಮರ್ ಬಂತು, ಅದೂ ಹೋಗಿ ಹಸಿರು. ಸೈನ್ಯದ ಆ ಮಂದ ಹಸಿರು. ಮುಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಅಕ್ಷರದ ಗುರುತು ಕಾಣಿಸಿತು. ಟಿ.ಪಿ., ಅಂದ್ರೆ ಟೈರ್ ಪ್ರೆಶರ್, ಅಂತಿದೆ, ಪಕ್ಕದ ಅಂಕೆ ಅರ್ಧ ಅಳಿಸಿದೆ. ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ಚಕ್ರದ ಮೇಲೇ ಬರೆದಿಡುವ ಪದ್ಧತಿ. ಬಂಪರ್ ಮೇಲೆ ಮೇಲ್ಮುಖ ಬಾಣ, ಅದರ ಪಕ್ಕ 73. ಮಿಲಿಟರಿ ನಂಬರಿನಲ್ಲಿ ಬಾಣ ಆದ ಮೇಲೆ ಬರುವ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ಅಂದ್ರೆ 1973. ಉಳಿದ ಅಂಕಿಗಳು ಪೇಪರಿನ ಜೊತೆಗೇ ಹೊರಟು ಹೋಗಿದ್ದವು. ನಾನು ತಿಕ್ಕೋದು ನಿಲ್ಲಿಸು ಅಂತ ಕೂಗಿಕೊಂಡೆ.

ಫೋಟೋ ಹಾಕಿದ್ದೇ ತಡ, ವಾಟ್ಸಾಪ್ ಗ್ರೂಪಿನಲ್ಲಿ ಜೈಕಾರ. ಯಾವ ಯುದ್ಧಕ್ಕೆ ಹೋಗಿತ್ತು ಅಂತ ಒಬ್ಬ. ಎಪ್ಪತ್ತೊಂದರ ಯುದ್ಧ ಅಂತ ಇನ್ನೊಬ್ಬನ ಉತ್ತರ. ಗಾಡಿ ಸೇರಿದ್ದೇ ಎಪ್ಪತ್ತಮೂರರಲ್ಲಿ ಮಾರಾಯ ಅಂದರೂ ಕೇಳೋರಿಲ್ಲ. ನಮ್ಮ ಚಿಕ್ಕಪ್ಪನ ಮಗನಿಗೆ ಮೊದಲಿಂದ ಡೀಸೆಲ್ ಎಂಜಿನ್ ಕೂರಿಸಿ, ಮೇಲೆ ಎಲ್ಇಡಿ ಲೈಟಿನ ಸಾಲು ಹಾಕುವ ಹುಚ್ಚು. ಈಗ ಅದರ ಜೊತೆ ಹಸಿರೂ ಸೇರಿಕೊಂಡಿತು. "ಸೈಡಿಗೆ ಎರಡು ಸ್ಟಾರ್ ಹೊಡ್ಸಣ್ಣ, ಸಖತ್ತಾಗಿರುತ್ತೆ" ಅಂದ. ಒಳ್ಳೇ ಹುಡುಗ, ಕಷ್ಟಕ್ಕೆ ಆಗ್ತಾನೆ, ಆದರೆ ಅವನ ರುಚಿಯನ್ನು ನಂಬಿ ಒಂದು ಚಾಪೆಯನ್ನೂ ತರುವ ಹಾಗಿಲ್ಲ.

ಭಾನುವಾರ ಹವಾಲ್ದಾರ್ರು ಬಂದಿದ್ದು ಸುಮ್ನೆ ನೋಡೋಕೆ. ಅವರು ಆರ್ಮಿ ಸರ್ವೀಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವರು, ಟ್ರೇನಿಂಗ್ ಬೆಂಗಳೂರಿನಲ್ಲೇ. ಎಲ್ಲರೂ ಬಂದವರು ಬಾನೆಟ್ ಎತ್ತಿ ಅಂತಾರೆ. ಇವರು ಸೀದಾ ಹಿಂದೆ ಹೋಗಿ, ಮೊಣಕಾಲು ಹಿಡ್ಕೊಂಡು ಬಗ್ಗಿ, ಆಕ್ಸಲ್ ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದು ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಡಿಫ್ರೆನ್ಷಿಯಲ್ಲಿನ ಗುಂಡಿನ ಮೇಲಿದ್ದ ಗ್ರೀಸು ಮಣ್ಣು ಕೆರೆದರು. ಕೆಳಗೆ ಬಿಳಿ ಬಣ್ಣ.

"ಇದೇನು ಗೊತ್ತಾ? ರಾತ್ರಿ ಕಾನ್ವಾಯ್‌ನಲ್ಲಿ ಹೆಡ್‌ಲೈಟ್ ಹಾಕಂಗಿಲ್ಲ. ಇದರ ಮೇಲೆ ಒಂದು ಸಣ್ಣ ಬಲ್ಬು ಇರ್ತದೆ. ಹಿಂದಿನ ಗಾಡಿಯವನಿಗೆ ಈ ಬಿಳಿ ಒಂದೇ ಕಾಣೋದು. ಇದನ್ನೇ ನೋಡ್ಕೊಂಡು ಹೋಗ್ತಿರಬೇಕು."

ಬಲ್ಬು ಇದ್ದ ಜಾಗವನ್ನು ಕೈಯಲ್ಲಿ ತಡಕಿ ತೋರಿಸಿದರು. ಬ್ರಾಕೆಟ್ ಮಾತ್ರ ಉಳಿದಿತ್ತು. ಇಷ್ಟು ದಿನ ನಾವು ಅದನ್ನು ಮುರಿದ ಯಾವುದೋ ಕ್ಲಾಂಪ್ ಅಂದುಕೊಂಡಿದ್ದೆವು.

ಆಮೇಲೆ ಎದ್ದು ನಿಂತು, ಪೇಂಟರ್ ಪಕ್ಕದಲ್ಲಿಟ್ಟಿದ್ದ ಹಸಿರು ಡಬ್ಬಿ ನೋಡಿದರು. ಆಗಲೇ ಆ ಪ್ರಶ್ನೆ. ನಾನು ಒರಿಜಿನಲ್ ಬಣ್ಣ ಅಲ್ವಾ ಹವಾಲ್ದಾರ್ರೇ ಅಂದೆ.

"ಅದು ಬಣ್ಣ ಅಲ್ಲಪ್ಪಾ, ಯೂನಿಫಾರ್ಮು. ಪೆನ್ಷನ್ ತಗೊಂಡು ಬಂದವನು ಯೂನಿಫಾರ್ಮ್ ಹಾಕ್ಕೊಂಡು ಸಂತೆಗೆ ಹೋಗ್ತಾನಾ?"

ಬೈದಿದ್ದಲ್ಲ. ಮುಖದಲ್ಲಿ ಕೋಪವೂ ಇರಲಿಲ್ಲ. ಕಾಫಿ ಕುಡಿದು, ಬ್ರೇಕ್ ಆಯಿಲ್ ಯಾವುದು ಹಾಕಿದ್ದು ಅಂತ ವಿಚಾರಿಸಿ ಹೋದರು.

ಸಂಜೆ ಕೂತು ಹುಡುಕಿದರೆ ಕಾನೂನೂ ಅವರ ಪರವೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ. ರಕ್ಷಣಾ ಇಲಾಖೆಯ ಗಾಡಿಗಳಿಗೆ ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಗ್ರೀನ್ ಹೊಡೆಯುವ ಹಾಗಿಲ್ಲ. ತಮಾಷೆ ಏನಂದ್ರೆ, 2021ರಲ್ಲಿ ಇದೇ ನಿಯಮಗಳಿಗೇ ವಿಂಟೇಜ್ ಗಾಡಿಗಳ ವಿಷಯ ಸೇರಿಸಿದ್ದಾರೆ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಿಸಿರಬಾರದು. ಹಾಗಿದ್ದರೆ ನಂಬರಿನಲ್ಲಿ ವಿಎ ಅಂತ ಅಕ್ಷರ ಕೊಡ್ತಾರೆ. ಮೂಲ ರೂಪ ಬೇಕು ಅಂತ ಒಂದು ಕಡೆ, ಮೂಲ ಬಣ್ಣ ಬೇಡ ಅಂತ ಇನ್ನೊಂದು ಕಡೆ. ಚಿಕ್ಕಪ್ಪನ ಮಗನ ಡೀಸೆಲ್ ಎಂಜಿನ್ ಕನಸಿಗೆ ಇದನ್ನು ತೋರಿಸಿಯೇ ಬೀಗ ಹಾಕಿದೆ ಅನ್ನೋದು ಒಂದೇ ಲಾಭ.

ನಿಯಮಕ್ಕೆ ಕಾರಣ ಇಲ್ಲದೇ ಇಲ್ಲ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಉಡುಪಿನಲ್ಲೇ ಬಂದಿದ್ದರು. ಅದಾದ ಮೇಲೆ ಸೇನೆಯವರು, ಆ ಡಿಸೈನಿನ ಬಟ್ಟೆ ಹಾಕಬೇಡಿ, ಮಾರಬೇಡಿ ಅಂತ ಜನರನ್ನೂ ಅಂಗಡಿಯವರನ್ನೂ ಕೇಳಿಕೊಂಡರು. ಇಷ್ಟಾದರೂ ನಮ್ಮ ಕಡೆ ಹಸಿರು ಹೊಡೆದ ಜೀಪುಗಳಿಗೆ ಬರವಿಲ್ಲ. "ಯಾರೂ ಹಿಡಿಯಲ್ಲ ಸಾರ್, ಹಿಡಿದರೆ ನಾನಿದ್ದೀನಿ" ಅಂತ ಒಬ್ಬ ಆರ್‌ಟಿಒ ಏಜೆಂಟ್ ನನಗೂ ಧೈರ್ಯ ಹೇಳಿದ. ಧೈರ್ಯಕ್ಕೆ ರೇಟೂ ಹೇಳಿದ.

ಆದರೆ ನನ್ನನ್ನು ಕಾಡ್ತಿರೋದು 121ನೇ ನಿಯಮ ಅಲ್ಲ, ಸಂತೆಯ ಮಾತು. ನಮಗೆ ಈ ಗಾಡಿಯಲ್ಲಿ ಬೇಕಾಗಿದ್ದೇನು? ಸೈನ್ಯದಲ್ಲಿ ಹೆಚ್ಚೆಂದರೆ ಹದಿನೈದು ವರ್ಷ ಇದ್ದಿರಬಹುದು. ತೋಟದಲ್ಲಿ ಅದರ ಎರಡರಷ್ಟು ಕಾಲ ದುಡಿದಿದೆ. ಗೊಬ್ಬರ, ಸಿಲ್ವರ್ ಓಕಿನ ದಿಮ್ಮಿ, ಕಾಫಿ ಮೂಟೆ, ಮಳೆಗಾಲದಲ್ಲಿ ಕೆಸರಿಗೆ ಬಿದ್ದ ಊರವರ ಟ್ರ್ಯಾಕ್ಟರು, ಎಲ್ಲಾ ಎಳೆದಿದೆ. ಆ ವರ್ಷಗಳನ್ನೆಲ್ಲ ತಿಕ್ಕಿ ತೆಗೆದು, ನಾವ್ಯಾರೂ ಕಣ್ಣಿನಲ್ಲೂ ನೋಡದ ಹದಿನೈದು ವರ್ಷವನ್ನು ಮೇಲೆ ತರಬೇಕು. ಯಾಕಂದ್ರೆ ಆ ಹಸಿರಿನ ಸ್ಟೇರಿಂಗ್ ಹಿಂದೆ ಕೂತರೆ ನಮಗೂ ಒಂದು ಗತ್ತು ಬರುತ್ತೆ, ಪುಕ್ಕಟೆ. ಹಿಮದಲ್ಲಿ ಲೈಟಿಲ್ಲದೆ ಗಾಡಿ ಓಡಿಸಿದವರು ಬೇರೆ, ಫೋಟೋಗೆ ನಿಲ್ಲೋರು ನಾವು.

ಹವಾಲ್ದಾರ್ರ ವಿಷಯದಲ್ಲೂ ನಮ್ಮೂರು ಮಾಡಿದ್ದು ಇದನ್ನೇ ಅಲ್ವಾ? ಆಗಸ್ಟ್ 15ಕ್ಕೆ ಕರೀತೀವಿ, ಶಾಲು ಹಾಕ್ತೀವಿ, ಯಾವ ಬಾರ್ಡರಿನಲ್ಲಿ ಇದ್ರಿ ಅಂತ ಕೇಳ್ತೀವಿ. ಅವರು ಸೈನ್ಯ ಬಿಟ್ಟು ಬಂದ ಮೇಲೆ ವರ್ಷಗಟ್ಟಲೆ ಬ್ಯಾಂಕಿನ ಬಾಗಿಲಲ್ಲಿ ಸೆಕ್ಯೂರಿಟಿ ಆಗಿ ನಿಂತಿದ್ದರು. ಅದೇ ನಾವು ಚಲನ್ ತುಂಬಿಸಿಕೊಳ್ಳೋಕೆ ಅವರ ಹತ್ತಿರ ಪೆನ್ನು ಇಸ್ಕೊಳ್ತಿದ್ವಿ. ಆ ಕೆಲಸದ ಬಗ್ಗೆ ಯಾರೂ ಭಾಷಣ ಮಾಡಿಲ್ಲ. ಮಡಿಕೇರಿಯ ಸನ್ನಿ ಸೈಡ್, ಅಂದ್ರೆ ಜನರಲ್ ತಿಮ್ಮಯ್ಯನವರ ಮನೆ, ಮ್ಯೂಸಿಯಂ ಆಗಿದೆ, ಅಂಗಳದಲ್ಲಿ ಟ್ಯಾಂಕ್ ನಿಲ್ಲಿಸಿದ್ದಾರೆ. ಅದು ಸರಿ. ಆ ಟ್ಯಾಂಕು ಸೈನ್ಯ ಬಿಟ್ಟರೆ ಬೇರೆ ಎಲ್ಲೂ ದುಡಿದಿದ್ದಲ್ಲ. ನಮ್ಮ ಗಾಡಿಯ ಕಥೆ ಹಾಗಲ್ಲ.

ಮಂಗಳವಾರ ಮೆಣಸು ಕೊಯ್ಯಲು ಬಂದಿದ್ದ ಹೆಂಗಸೊಬ್ಬರು ಶೆಡ್ಡಿನ ಮುಂದೆ ನಿಂತರು. ಅವರು ಹಳೇ ಯಜಮಾನರ ತೋಟದಲ್ಲಿ ಕೆಲಸದವರ ಲೈನ್ ಮನೆಯಲ್ಲೇ ಬೆಳೆದವರು. ಅರ್ಧ ತಿಕ್ಕಿದ ಬಾಗಿಲು ನೋಡಿ ಅವರಿಗೆ ಬೇಜಾರಾಯಿತು. "ಅಯ್ಯೋ, ನೀಲಿ ಗಾಡಿಗೆ ಏನ್ ಮಾಡಿದ್ರಿ ಅಣ್ಣಾ?" ಅಂದರು. ಶನಿವಾರ ಬಟವಾಡೆ ಆದ ಮೇಲೆ ಲೈನಿನವರನ್ನೆಲ್ಲ ಹಿಂದೆ ಹತ್ತಿಸಿಕೊಂಡು ಸಂತೆಗೆ ಕರೆದುಕೊಂಡು ಹೋಗ್ತಿದ್ದುದು ಇದೇ ಗಾಡಿ. ತಿರುವಿನಲ್ಲಿ ಮಕ್ಕಳೆಲ್ಲ ಒಂದೇ ಕಡೆ ಜಾರಿ ಬಿದ್ದು ನಗ್ತಿದ್ದರಂತೆ. ಮಿಲಿಟರಿ ಗಾಡಿ ಅಂತ ನಿಮಗೆ ಗೊತ್ತಿತ್ತಾ ಅಂತ ಕೇಳಿದೆ. ಹೌದಾ ಅಂದರು, ಅಷ್ಟೇ.

ಸಂತೆಗೆ ಹೋಗುವಾಗ ಇದು ಹಾಕ್ಕೊಂಡಿದ್ದ ಬಟ್ಟೆ ನೀಲಿ. ಹವಾಲ್ದಾರ್ರಿಗೆ ಇದನ್ನು ಫೋನ್ ಮಾಡಿ ಹೇಳಿದರೆ ನಕ್ಕುಬಿಟ್ಟರು.

ಹಾಗಾಗಿ ನೀಲಿ ಅಂತ ತೀರ್ಮಾನ ಆಗಿದೆ. ಬಂಪರಿನ ಬಾಣ ಮತ್ತು 73ರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ, ಗಾಡಿ ಮೇಲೆ ಬೇಡ. ಆಕ್ಸಲ್ಲಿನ ಬಿಳಿ ಗುಂಡು ಹಾಗೇ ಇರಲಿ, ಅದಕ್ಕೊಂದು ಬಲ್ಬು ಹುಡುಕಬೇಕು. ಹಳೇ ನೀಲಿಯ ಒಂದು ಹಕ್ಕಳೆಯನ್ನು ಪೇಪರಿನಲ್ಲಿ ಕಟ್ಟಿಕೊಂಡು ಪೇಂಟ್ ಅಂಗಡಿಗೆ ಹೋಗಿ, ಕಂಪ್ಯೂಟರ್ ಮಿಕ್ಸಿಂಗ್ ಮಾಡಿಸಿ ತಂದೆ. ಪೇಂಟರ್ ಹುಡುಗನಿಗೆ ಇದು ಬಸ್ಸಿನ ಬಣ್ಣ ಅಂತ ಬೇಸರ, ಹಸಿರು ಡಬ್ಬಿಯ ದುಡ್ಡೂ ಸೇರಿಸಿ ಕೇಳ್ತಿದ್ದಾನೆ. ಕೊಡಬೇಕು, ಅವನದ್ದೇನೂ ತಪ್ಪಿಲ್ಲ. ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್, ಯಾವ ಕಾಲಕ್ಕೋ ಮುಗಿದಿದೆ, ಅದಕ್ಕೆ ಓಡಾಡೋದು ಬಾಕಿ ಇದೆ. ಆದರೆ ನಿನ್ನೆ ಹಳೇ ಆರ್‌ಸಿ ಬುಕ್ಕು ತೆಗೆದು ನೋಡಿದರೆ, ಬಣ್ಣದ ಕಾಲಮ್ಮಿನಲ್ಲಿ ಇಂಕಿನಲ್ಲಿ ಬರೆದಿದ್ದಾರೆ: ಬ್ಲೂ. ಬಣ್ಣ ಬದಲಾವಣೆಯ ಅರ್ಜಿಯೇ ಬೇಕಾಗಿಲ್ಲ. ಏಜೆಂಟನಿಗೆ ಇನ್ನೂ ಹೇಳಿಲ್ಲ.